ಬೆಳ್ಳಿ ನಾಣ್ಯ ಸಿಕ್ಕಿತು, ಆಮೇಲೆ?

1992ರ ನವೆಂಬರ್ 16ರಂದು ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಹಾಕ್ಸನ್ ಎಂಬ ಹಳ್ಳಿಯಲ್ಲಿ ಎರಿಕ್ ಲಾಝ್ ಎಂಬ ನಿವೃತ್ತ ತೋಟಗಾರ ಒಂದು ಸುತ್ತಿಗೆಯನ್ನು ಹುಡುಕಲು ಹೊಲಕ್ಕಿಳಿದರು. ಸ್ನೇಹಿತ ರೈತನ ಸುತ್ತಿಗೆ ಹೊಲದಲ್ಲೆಲ್ಲೋ ಬಿದ್ದುಹೋಗಿತ್ತು. ಲಾಝ್ ಬಳಿ ನಿವೃತ್ತಿಯ ಉಡುಗೊರೆಯಾಗಿ ಬಂದಿದ್ದ ಮೆಟಲ್ ಡಿಟೆಕ್ಟರ್ ಇತ್ತು. ಯಂತ್ರ ಕೂಗಿದ ಕಡೆ ಅಗೆದರೆ ಸಿಕ್ಕಿದ್ದು ಬೆಳ್ಳಿ ಚಮಚ, ಚಿನ್ನದ ಒಡವೆ, ಮತ್ತೆ ನಾಣ್ಯ. ಒಂದಲ್ಲ ಎರಡಲ್ಲ, ಬೊಗಸೆಗಟ್ಟಲೆ.

ಕೈಚೀಲಗಳು ತುಂಬುವಷ್ಟು ತೆಗೆದಾದ ಮೇಲೆ ಅವರು ಮಾಡಿದ ಕೆಲಸವೇ ಈ ಅಂಕಣಕ್ಕೆ ಕಾರಣ. ಗುಂಡಿಯಲ್ಲಿ ಇನ್ನೂ ರಾಶಿ ಕಾಣುತ್ತಿತ್ತು. ಆದರೂ ಅಗೆಯುವುದನ್ನು ನಿಲ್ಲಿಸಿದರು. ಹೊಲದ ಮಾಲೀಕತ್ವ ಹೊಂದಿದ್ದ ಸ್ಥಳೀಯ ಆಡಳಿತಕ್ಕೂ ಪೊಲೀಸರಿಗೂ ಸುದ್ದಿ ಮುಟ್ಟಿಸಿದರು. ಮಾರನೆಯ ದಿನ ಪುರಾತತ್ವ ತಂಡ ಬಂದು, ಊರಿಗೆ ಸುಳಿವು ಸಿಗುವ ಮೊದಲೇ ಉಳಿದದ್ದನ್ನು ಮಣ್ಣಿನ ಸಮೇತ ಎತ್ತಿಕೊಂಡಿತು. ಎಣಿಸಿದಾಗ ನಾಣ್ಯಗಳೇ 14,865. ಅವುಗಳಲ್ಲಿ 569 ಚಿನ್ನದವು, 24 ಕಂಚಿನವು, ಮಿಕ್ಕ 14,272 ಬೆಳ್ಳಿಯವು. ಜೊತೆಗೆ ಇನ್ನೂರರಷ್ಟು ಚಮಚ, ಪಾತ್ರೆ, ಆಭರಣ. ರೋಮನ್ ಸಾಮ್ರಾಜ್ಯ ಬ್ರಿಟನ್ನಿನಿಂದ ಕಾಲು ತೆಗೆಯುತ್ತಿದ್ದ ಐದನೆಯ ಶತಮಾನದ ಆರಂಭದಲ್ಲಿ ಯಾವುದೋ ಸಿರಿವಂತ ಕುಟುಂಬ ಹೂತಿಟ್ಟ ಸಂಪತ್ತು ಅದು. ಸುತ್ತಿಗೆಯೂ ಸಿಕ್ಕಿತು. ಈಗ ನಿಧಿಯ ಜೊತೆಗೇ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಲಾಝ್ ಇನ್ನರ್ಧ ಗಂಟೆ ಅಗೆದಿದ್ದರೂ ನಾಣ್ಯಗಳೇನೋ ಸಿಗುತ್ತಿದ್ದವು. ಅವು ಓಕ್ ಮರದ ಪೆಟ್ಟಿಗೆಯೊಳಗಿದ್ದವು, ಆ ಪೆಟ್ಟಿಗೆಯೊಳಗೆ ಇನ್ನೂ ಚಿಕ್ಕ ಪೆಟ್ಟಿಗೆಗಳಿದ್ದವು, ಪಾತ್ರೆಗಳ ನಡುವೆ ಹುಲ್ಲು ತುರುಕಿ ಜೋಪಾನವಾಗಿ ಜೋಡಿಸಲಾಗಿತ್ತು ಎಂಬ ಸಂಗತಿ ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ. ಮರ ಕೊಳೆತುಹೋಗಿತ್ತು. ಉಳಿದದ್ದು ಕೀಲು, ಬೀಗ, ಮಣ್ಣಿನಲ್ಲಿ ವಸ್ತುಗಳು ಕೂತಿದ್ದ ಕ್ರಮ, ಅಷ್ಟೆ. ಆ ಕ್ರಮ ಕದಡಿಹೋಗಿದ್ದರೆ ಅದನ್ನು ಮತ್ತೆ ಜೋಡಿಸುವುದು ಸಾಧ್ಯವೇ ಇರಲಿಲ್ಲ.

ಮೆಟಲ್ ಡಿಟೆಕ್ಟರ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡೋಣ. ಕೋಲಿನ ತುದಿಯ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದು ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ, ಅದರಿಂದ ನೆಲದೊಳಕ್ಕೆ ಒಂದು ಕಾಂತಕ್ಷೇತ್ರ ಇಳಿಯುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ಸಣ್ಣ ಸುಳಿವಿದ್ಯುತ್ ಹುಟ್ಟುತ್ತದೆ. ಆ ಸುಳಿಗಳು ತಮ್ಮದೇ ಕಾಂತಕ್ಷೇತ್ರವನ್ನು ಹೊರಡಿಸುತ್ತವೆ. ಎರಡನೆಯ ಸುರುಳಿ ಹಿಡಿಯುವುದು ಈ ಮರುದನಿಯನ್ನು. ಕಳಿಸಿದ ಅಲೆಗೂ ಮರಳಿದ ಅಲೆಗೂ ನಡುವೆ ಎಷ್ಟು ಹಿಂದುಮುಂದಾಗಿದೆ ಎಂಬುದನ್ನು ಅಳೆದು, ಕೆಳಗಿರುವ ಲೋಹ ಎಂಥದ್ದಿರಬಹುದು ಎಂದು ಯಂತ್ರ ಊಹಿಸುತ್ತದೆ.

ಇಲ್ಲಿ ಬೆಳ್ಳಿಗೊಂದು ವಿಶೇಷವಿದೆ. ಎಲ್ಲ ಲೋಹಗಳಿಗಿಂತ ಚೆನ್ನಾಗಿ ವಿದ್ಯುತ್ ಹರಿಸುವುದು ಬೆಳ್ಳಿ, ತಾಮ್ರ ಚಿನ್ನಗಳೆಲ್ಲ ಅದರ ನಂತರ. ಹಾಗಾಗಿ ದಪ್ಪನೆಯ ಬೆಳ್ಳಿ ನಾಣ್ಯದ ಮೇಲೆ ತಟ್ಟೆ ಹಾದುಹೋದರೆ ಪರದೆಯ ಮೇಲೆ ದೊಡ್ಡ ಅಂಕಿ ಮೂಡುತ್ತದೆ, ಕಿವಿಗೆ ಏರುಸ್ವರದ ಸ್ವಚ್ಛ ಸದ್ದು ಕೇಳುತ್ತದೆ. ಕಬ್ಬಿಣದ ಮೊಳೆಯ ಸದ್ದು ಒರಟು, ಒಡಕು. ಸಣ್ಣ ನಾಣ್ಯವಾದರೆ ಒಂದು ಗೇಣು ಆಳದವರೆಗೆ ಹಿಡಿಯಬಹುದು, ಅದರಾಚೆಗೆ ಕಷ್ಟ. ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಯಂತ್ರಕ್ಕೇ ಗೊಂದಲ. ಇಷ್ಟಾಗಿಯೂ ಅದು ಹೇಳುವುದು ಲೋಹದ ಗುಣ ಮತ್ತು ಗಾತ್ರವನ್ನು ಕುರಿತ ಊಹೆ ಮಾತ್ರ. ಕಾಗದದಷ್ಟು ತೆಳ್ಳಗಿನ ಹಳೆಯ ಬೆಳ್ಳಿ ತುಣುಕು ಎಷ್ಟೋ ಸಲ ಡಬ್ಬಿಯ ಅಲ್ಯೂಮಿನಿಯಂ ಕೊಂಡಿಯಂತೆಯೇ ಸದ್ದು ಮಾಡುತ್ತದೆ. ಆದ್ದರಿಂದ ಇಂಗ್ಲೆಂಡಿನ ಹೊಲಗಳಲ್ಲಿ ವಾರಾಂತ್ಯ ಕಳೆಯುವ ಹವ್ಯಾಸಿಗಳ ಚೀಲದಲ್ಲಿ ಹೆಚ್ಚಾಗಿ ತುಂಬಿರುವುದು ಗುಂಡಿ, ಬಕಲ್ಲು, ಸೀಸದ ಚೂರು, ಟ್ರ್ಯಾಕ್ಟರಿನ ಬೋಲ್ಟು.

ನಡುನಡುವೆ ಒಂದು ‘ಹ್ಯಾಮರ್ಡ್’ ಸಿಗುತ್ತದೆ. ಯಂತ್ರದ ಅಚ್ಚು ಬರುವ ಮೊದಲು, ಸುತ್ತಿಗೆಯಿಂದ ಬಡಿದು ಮಾಡಿದ ಬೆಳ್ಳಿ ನಾಣ್ಯವನ್ನು ಅವರು ಹಾಗೆ ಕರೆಯುತ್ತಾರೆ. ಮಧ್ಯಯುಗದ ಒಂದು ಪೆನ್ನಿಯನ್ನು ಅಂಗೈ ಮೇಲೆ ಇಟ್ಟುಕೊಂಡಿರಿ ಎಂದುಕೊಳ್ಳಿ. ಅಗಲ ಎರಡು ಸೆಂಟಿಮೀಟರಿಗೂ ಕಡಿಮೆ, ತೂಕ ಒಂದೂವರೆ ಗ್ರಾಂನಷ್ಟು. ಒಂದು ಮುಖದಲ್ಲಿ ಗುಂಗುರು ಕೂದಲಿನ ರಾಜನ ತಲೆ, ಮಗು ಬರೆದ ಚಿತ್ರದಷ್ಟು ಸರಳ. ಇನ್ನೊಂದು ಮುಖದಲ್ಲಿ ಶಿಲುಬೆ, ಅದರ ಸುತ್ತ ಅಚ್ಚು ಹಾಕಿದವನ ಹೆಸರು, ಊರು. ಅಚ್ಚು ಹಾಕಿದವನ ಹೆಸರೇಕೆ? ಬೆಳ್ಳಿಯಲ್ಲಿ ಕಲಬೆರಕೆ ಸಿಕ್ಕರೆ ಯಾರ ಕೈ ಕತ್ತರಿಸಬೇಕು ಎಂದು ಅರಸನಿಗೆ ಗೊತ್ತಾಗಲಿ ಎಂದು. ಆ ಕಾಲದಲ್ಲಿ ಆ ಶಿಕ್ಷೆ ನಿಜವಾಗಿಯೂ ಇತ್ತು.

ಹೊಲದಲ್ಲಿ ಅರ್ಧ ಪೆನ್ನಿ, ಕಾಲು ಪೆನ್ನಿಗಳೂ ಸಿಗುತ್ತವೆ, ಅಕ್ಷರಶಃ ಅರ್ಧ, ಕಾಲು. ಚಿಲ್ಲರೆ ಇಲ್ಲದ ಕಾಲದಲ್ಲಿ ಪೆನ್ನಿಯನ್ನೇ ಶಿಲುಬೆಯ ಗೆರೆ ಹಿಡಿದು ಕತ್ತರಿಸಿ ಕೊಡುತ್ತಿದ್ದರು. ಅಂಥ ಕಾಲು ಚೂರನ್ನು ಸಂತೆಗೆ ಹೋದವಳೊಬ್ಬಳು ಬೀಳಿಸಿಕೊಂಡಿದ್ದರೆ ಅವಳ ಆ ದಿನದ ಊಟವೇ ಹೋಗಿರಬಹುದು. ದೊಡ್ಡ ನಿಧಿಗಳಿಗಿಂತ ಈ ತುಣುಕುಗಳು ನನ್ನನ್ನು ಹೆಚ್ಚು ತಟ್ಟುತ್ತವೆ. ಅರಸರ ಚರಿತ್ರೆ ಗ್ರಂಥಗಳಲ್ಲಿ ಸಿಗುತ್ತದೆ. ಸಂತೆಯ ಚರಿತ್ರೆಗೆ ಇಂಥ ಚೂರುಗಳೇ ದಾಖಲೆ. ಒಂದೇ ಹೊಲದಲ್ಲಿ ಹತ್ತಾರು ಬಿಡಿ ನಾಣ್ಯಗಳು ಸಿಕ್ಕವೆಂದರೆ ಅಲ್ಲಿ ಯಾವ ಪುಸ್ತಕದಲ್ಲೂ ನಮೂದಾಗದ ಒಂದು ಸಂತೆ, ಜಾತ್ರೆ, ದಾರಿಯ ಕೂಡು ಇದ್ದಿರಬೇಕು.

ಬೆಳ್ಳಿ ನಾಣ್ಯದ ಅಂಚಿಗೂ ಒಂದು ಚರಿತ್ರೆಯಿದೆ. ಹಾಕ್ಸನ್ನಿನ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ಸಿಲಿಕ್ವ ಎಂಬ ಬಗೆಯವು, ಟ್ರಿಯರ್, ಮಿಲಾನ್, ರಾವೆನ್ನ, ರೋಮ್ ಮುಂತಾದ ಕಡೆ ಅಚ್ಚಾದವು. ಹತ್ತಿರದಿಂದ ನೋಡಿದರೆ ಹೆಚ್ಚುಕಡಿಮೆ ಎಲ್ಲದರ ಅಂಚನ್ನೂ ಕತ್ತರಿಯಿಂದ ಕತ್ತರಿಸಿದ್ದಾರೆ. ಕೆಲವು ಮೂಲ ತೂಕದ ಮೂರನೆಯ ಒಂದು ಪಾಲಿಗೆ ಇಳಿದಿವೆ. ಆದರೆ ಕತ್ತರಿಸಿದವರು ಚಕ್ರವರ್ತಿಯ ತಲೆಯನ್ನು ಮುಟ್ಟಿಲ್ಲ. ಸುತ್ತಲ ಅಕ್ಷರ ಹೋದರೂ ಮುಖ ಉಳಿಸಿಕೊಂಡಿದ್ದಾರೆ. ಕಳ್ಳತನ ಎಂದುಬಿಡಬಹುದು, ಆದರೆ ವಿದ್ವಾಂಸರು ಇದರಲ್ಲಿ ಬೇರೊಂದನ್ನೂ ಕಾಣುತ್ತಾರೆ. ಐದನೆಯ ಶತಮಾನದ ಆರಂಭಕ್ಕೆ ರೋಮಿನಿಂದ ಬ್ರಿಟನ್ನಿಗೆ ಹೊಸ ಹಣ ಬರುವುದು ನಿಂತಿತು. ಇದ್ದ ನಾಣ್ಯಗಳ ಅಂಚು ಕತ್ತರಿಸಿ ಕೂಡಿಸಿದ ಬೆಳ್ಳಿಯಿಂದಲೇ ನಕಲು ನಾಣ್ಯ ಮಾಡಿ ಜನ ವ್ಯವಹಾರ ಮುಂದುವರಿಸಿದರು. ಅರಸೊತ್ತಿಗೆ ಕೈಬಿಟ್ಟ ನಾಡೊಂದು ತನ್ನ ಹಣದ ವ್ಯವಸ್ಥೆಯನ್ನು ಹೇಗೋ ನಡೆಸಿಕೊಂಡು ಹೋದ ಗುರುತು ಆ ಕತ್ತರಿಯ ಗಾಯಗಳಲ್ಲಿದೆ.

ಅಂಚು ಕತ್ತರಿಸುವ ಪಿಡುಗು ಆಮೇಲೂ ಬಿಡಲಿಲ್ಲ. 1247ರಲ್ಲಿ ಮೂರನೆಯ ಹೆನ್ರಿಯ ಕಾಲದಲ್ಲಿ ಶಿಲುಬೆಯ ತೋಳುಗಳನ್ನು ನಾಣ್ಯದ ತುದಿಯವರೆಗೂ ಚಾಚಿದರು. ತೋಳು ಮೊಟಕಾಗಿದ್ದರೆ ಕತ್ತರಿಸಿದ್ದಾರೆಂದು ಯಾರಿಗಾದರೂ ಗೊತ್ತಾಗಬೇಕು ಎಂಬ ಉಪಾಯ. ಅದೂ ಪೂರ್ತಿ ಫಲಿಸಲಿಲ್ಲ. 1660ರ ದಶಕದಿಂದ ಯಂತ್ರದ ಅಚ್ಚು ನೆಲೆಗೊಂಡು ಅಂಚಿಗೆ ಗೆರೆಗಳು ಬಂದವು. 1696ರಲ್ಲಿ ಹಳೆಯ ಬಡಿದ ನಾಣ್ಯಗಳನ್ನೆಲ್ಲ ಹಿಂತೆಗೆದುಕೊಂಡು ಕರಗಿಸಿ ಮರಳಿ ಅಚ್ಚು ಹಾಕುವ ದೊಡ್ಡ ಕಾರ್ಯ ನಡೆಯಿತು. ಅದೇ ವರ್ಷ ಟಂಕಸಾಲೆಯ ವಾರ್ಡನ್ ಆಗಿ ಬಂದವರು ಐಸಾಕ್ ನ್ಯೂಟನ್. ಗುರುತ್ವದ ನಿಯಮ ಬರೆದ ಮನುಷ್ಯ ಅಂಚುಗಳ್ಳರನ್ನೂ ಖೋಟಾ ನಾಣ್ಯದವರನ್ನೂ ಬೆನ್ನಟ್ಟಿ ಕೋರ್ಟಿಗೆಳೆದರು. ನಮ್ಮ ಮನೆಗಳ ಹಳೆಯ ಪೆಟ್ಟಿಗೆಯಲ್ಲಿ ರಾಣಿ ಛಾಪಿನ ಬೆಳ್ಳಿ ರೂಪಾಯಿ ಇದ್ದರೆ ಅದರ ಅಂಚಿನ ಮೇಲೆ ಉಗುರು ಆಡಿಸಿ ನೋಡಿ. ಆ ಗೆರೆಗಳು ಅಲ್ಲಿಗೆ ಬಂದದ್ದು ಇದೇ ಕಾರಣಕ್ಕೆ.

ಇಷ್ಟೊಂದು ಹಣ ಮಣ್ಣಿಗೆ ಹೋದದ್ದೇಕೆ ಎಂದು ಕೇಳಬಹುದು. ಬ್ಯಾಂಕಿಲ್ಲದ ಕಾಲದಲ್ಲಿ ನೆಲವೇ ತಿಜೋರಿ. 1667ರಲ್ಲಿ ಡಚ್ಚರ ಹಡಗುಗಳು ಮೆಡ್ವೆ ನದಿಗೆ ನುಗ್ಗಿದಾಗ, ದಿನಚರಿಗೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ಚಿನ್ನದ ನಾಣ್ಯಗಳನ್ನು ಹಳ್ಳಿಗೆ ಸಾಗಿಸಿ ತೋಟದಲ್ಲಿ ಹೂಳಿಸಿದ. ಕೆಲವು ತಿಂಗಳ ಮೇಲೆ ಹೋಗಿ ಅಗೆದರೆ ಚೀಲ ಕೊಳೆತು ನಾಣ್ಯಗಳು ಮಣ್ಣಿನಲ್ಲಿ ಚದುರಿದ್ದವು. ಲಾಟೀನು ಹಿಡಿದು ಹುಡುಕಿದರೂ ಲೆಕ್ಕ ಪೂರ್ತಿ ಹೊಂದಲಿಲ್ಲ. ಪೀಪ್ಸ್ ಬದುಕಿದ್ದ, ಜಾಗ ಗೊತ್ತಿತ್ತು, ಆದರೂ ಹೀಗಾಯಿತು. ಹೂತವರು ಯುದ್ಧದಲ್ಲೋ ಪ್ಲೇಗಿನಲ್ಲೋ ಸತ್ತರೆ ಹಣ ಅಲ್ಲೇ. ಹೀಗಾಗಿ ಒಂದು ಕಾಲದ ನಿಧಿಗಳು ಒಂದು ಪ್ರದೇಶದಲ್ಲಿ ಗುಂಪಾಗಿ ಸಿಕ್ಕರೆ ಅಲ್ಲಿ ಆಗ ಏನೋ ಅನಾಹುತ ನಡೆದಿತ್ತೆಂದು ಚರಿತ್ರೆಕಾರರು ಗುಮಾನಿ ಪಡುತ್ತಾರೆ.

2015ರಲ್ಲಿ ಆಕ್ಸ್‌ಫರ್ಡ್‌ಶೈರಿನ ವಾಟ್ಲಿಂಗ್ಟನ್ ಬಳಿ ಹವ್ಯಾಸಿಯೊಬ್ಬರಿಗೆ ಸಿಕ್ಕ ನಿಧಿ ಚಿಕ್ಕದು. ಸುಮಾರು ಇನ್ನೂರು ಬೆಳ್ಳಿ ನಾಣ್ಯ, ಕೆಲವು ಬೆಳ್ಳಿ ಗಟ್ಟಿ, ಒಂದಷ್ಟು ಒಡವೆ. 870ರ ದಶಕದ ಕೊನೆಗೆ, ವೈಕಿಂಗ್ ದಂಡು ಇಂಗ್ಲೆಂಡನ್ನು ನಡುಗಿಸುತ್ತಿದ್ದಾಗ ಹೂತದ್ದು. ಅವರೂ ಪೂರ್ತಿ ಅಗೆಯದೆ ಸುದ್ದಿ ಕೊಟ್ಟರು. ಇಡೀ ಹೆಂಟೆಯನ್ನೇ ಎತ್ತಿ ಪ್ರಯೋಗಾಲಯಕ್ಕೆ ಒಯ್ದರು. ಒಳಗಿಂದ ಬಂದದ್ದು ಇಬ್ಬರು ಅರಸರ ನಾಣ್ಯಗಳು: ವೆಸೆಕ್ಸಿನ ಆಲ್‌ಫ್ರೆಡ್, ಮರ್ಸಿಯದ ಚಿಯೋಲ್‌ವುಲ್ಫ್. ಆಲ್‌ಫ್ರೆಡ್ ಇಂಗ್ಲಿಷರಿಗೆ ‘ಮಹಾನ್’ ಅರಸ. ಚಿಯೋಲ್‌ವುಲ್ಫ್ ಮಾತ್ರ ವೈಕಿಂಗರ ಕೈಗೊಂಬೆ, ದಡ್ಡ ಎಂದು ಮುಂದೆ ಆಲ್‌ಫ್ರೆಡನ ವಲಯದಲ್ಲೇ ಬರೆದ ವೃತ್ತಾಂತ ಹೇಳುತ್ತದೆ. ನಾಣ್ಯಗಳು ಹೇಳುವುದು ಬೇರೆ. ಇಬ್ಬರ ಹೆಸರಿನಲ್ಲೂ ಒಂದೇ ವಿನ್ಯಾಸ. ಜೊತೆಜೊತೆಯಾಗಿ ಕೂತ ಇಬ್ಬರು ಚಕ್ರವರ್ತಿಗಳ ಚಿತ್ರವಿರುವ ಅಪರೂಪದ ಬಗೆಯೂ ಅದರಲ್ಲಿತ್ತು. ಮೊದಲು ಅಂಥವು ಒಂದೋ ಎರಡೋ ಮಾತ್ರ ಗೊತ್ತಿದ್ದವು, ವಾಟ್ಲಿಂಗ್ಟನ್‌ನಲ್ಲಿ ಹಲವು ಒಟ್ಟಿಗೆ ಸಿಕ್ಕವು. ಇಬ್ಬರೂ ಕೆಲವು ವರ್ಷ ಸರಿಸಮಾನರಾಗಿ ಒಪ್ಪಂದದಲ್ಲಿದ್ದರು, ಆಮೇಲೆ ಒಬ್ಬನ ಹೆಸರನ್ನು ಕೆಡಿಸಿ ಬರೆಯಲಾಯಿತು ಎಂಬ ವಾದಕ್ಕೆ ಇದರಿಂದ ಗಟ್ಟಿ ಆಧಾರ ಸಿಕ್ಕಿತು. ಒಂದು ಸಾವಿರ ವರ್ಷ ನಂಬಿಕೊಂಡು ಬಂದ ಬರಹವನ್ನು ಅಂಗೈಯಗಲದ ಬೆಳ್ಳಿ ಪ್ರಶ್ನಿಸಿದ ಹಾಗಾಯಿತು.

ಅದೇ 2015ರಲ್ಲಿ, ಅದೇ ಕಾಲದ ಇನ್ನೊಂದು ನಿಧಿ ಹೆರೆಫರ್ಡ್‌ಶೈರಿನ ಲೆಮ್‌ಸ್ಟರ್ ಬಳಿ ಇಬ್ಬರಿಗೆ ಸಿಕ್ಕಿತು. ಅವರು ಹೊಲದೊಡೆಯನಿಗೂ ಹೇಳಲಿಲ್ಲ, ಸರ್ಕಾರಕ್ಕೂ ಹೇಳಲಿಲ್ಲ. ಮುನ್ನೂರರಷ್ಟು ನಾಣ್ಯಗಳಿದ್ದವೆಂದು ಅಂದಾಜು. ಗುಟ್ಟಾಗಿ ಮಾರುಕಟ್ಟೆಗೆ ಬಿಟ್ಟರು. ಫೋನಿನಿಂದ ಅಳಿಸಿಹಾಕಿದ್ದ ಚಿತ್ರಗಳನ್ನು ಪೊಲೀಸರು ಮರಳಿ ಪಡೆದಾಗ ನಿಧಿಯ ಗಾತ್ರ ತಿಳಿಯಿತು. 2019ರಲ್ಲಿ ಇಬ್ಬರೂ ಜೈಲಿಗೆ ಹೋದರು. ಕೈಗೆ ದಕ್ಕಿದ ನಾಣ್ಯಗಳು ಮಾತ್ರ ಮೂವತ್ತರ ಆಸುಪಾಸು. ಮಿಕ್ಕವು ಯಾರ ಕಪಾಟಿನಲ್ಲಿವೆಯೋ. ಇದೇ ಇಬ್ಬರು ಅರಸರ ನಾಣ್ಯಗಳು ಅದರಲ್ಲೂ ಇದ್ದವು. ಎರಡು ನಿಧಿಗಳನ್ನೂ ಪೂರ್ತಿಯಾಗಿ ಪಕ್ಕಪಕ್ಕ ಇಟ್ಟು ಓದಬಹುದಾಗಿದ್ದ ಅವಕಾಶ ಹೋಯಿತು. ಇದಕ್ಕೆ ಪರಿಹಾರವಿಲ್ಲ. ಶಿಕ್ಷೆ ಕೊಟ್ಟರೂ ಮಣ್ಣಿನೊಳಗಿನ ಕ್ರಮ ಮರಳುವುದಿಲ್ಲ.

ಬ್ರಿಟನ್ ಈ ಪಾಠ ಕಲಿತದ್ದು ಕಳೆದುಕೊಂಡೇ. 1980ರ ದಶಕದಲ್ಲಿ ಸರ್ರಿ ಪ್ರಾಂತ್ಯದ ವಾನ್‌ಬರೊದಲ್ಲಿದ್ದ ಪ್ರಾಚೀನ ಗುಡಿಯ ಜಾಗಕ್ಕೆ ರಾತ್ರೋರಾತ್ರಿ ಡಿಟೆಕ್ಟರ್ ಹಿಡಿದ ಗುಂಪುಗಳು ನುಗ್ಗಿದವು. ಸಾವಿರಾರು ನಾಣ್ಯಗಳು ಹೋದವೆಂದು ಅಂದಾಜು. ಕೋರ್ಟಿನಲ್ಲಿ ಹಳೆಯ ಕಾನೂನಿನ ತೊಡಕು ಎದ್ದು ಕಂಡಿತು. ಹೂತವನು ಮರಳಿ ತೆಗೆಯುವ ಉದ್ದೇಶದಿಂದಲೇ ಹೂತಿದ್ದನೆಂದು ತೋರಿಸಿದರೆ ಮಾತ್ರ ಅದು ನಿಧಿ. ದೇವರಿಗೆ ಅರ್ಪಿಸಿದ್ದಾದರೆ ಅಲ್ಲ. ಎರಡು ಸಾವಿರ ವರ್ಷದ ಹಿಂದಿನವನ ಮನಸ್ಸನ್ನು ಸಾಬೀತುಪಡಿಸುವುದು ಯಾರಿಂದ ಸಾಧ್ಯ? ಸರ್ರಿಯ ಪುರಾತತ್ವಪ್ರಿಯರು ಹೋರಾಡಿದ್ದರಿಂದ 1996ರಲ್ಲಿ ಹೊಸ ನಿಧಿ ಕಾಯ್ದೆ ಬಂತು. ಅದರ ಪ್ರಕಾರ 300 ವರ್ಷ ಮೀರಿದ, ಹತ್ತನೆಯ ಒಂದು ಪಾಲಾದರೂ ಚಿನ್ನ ಬೆಳ್ಳಿ ಇರುವ ಎರಡು ಅಥವಾ ಹೆಚ್ಚು ನಾಣ್ಯಗಳು ಒಟ್ಟಿಗೆ ಸಿಕ್ಕರೆ ಅದು ನಿಧಿ. ಹದಿನಾಲ್ಕು ದಿನದೊಳಗೆ ಕೊರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ಮ್ಯೂಸಿಯಂ ಕೊಳ್ಳಲು ಬಯಸಿದರೆ ಸ್ವತಂತ್ರ ಸಮಿತಿ ಮಾರುಕಟ್ಟೆ ಬೆಲೆ ಕಟ್ಟುತ್ತದೆ. ಹಣವನ್ನು ಸಾಮಾನ್ಯವಾಗಿ ಹುಡುಕಿದವರಿಗೂ ಹೊಲದೊಡೆಯರಿಗೂ ಸಮನಾಗಿ ಹಂಚುತ್ತಾರೆ. ಹಾಕ್ಸನ್ನಿನ ನಿಧಿಗೆ ಹಳೆಯ ಕಾನೂನಿನಡಿ ಲಾಝ್ ಒಬ್ಬರಿಗೇ 17.5 ಲಕ್ಷ ಪೌಂಡ್ ಬಂದಿತ್ತು. ಅವರು ಅದನ್ನು ಸುತ್ತಿಗೆ ಕಳೆದುಕೊಂಡಿದ್ದ ರೈತನೊಂದಿಗೆ ಹಂಚಿಕೊಂಡರು. 2019ರಲ್ಲಿ ಸಾಮರ್ಸೆಟ್‌ನ ಚ್ಯೂ ಕಣಿವೆಯಲ್ಲಿ ಏಳು ಜನರಿಗೆ ಸಿಕ್ಕ 2,584 ಬೆಳ್ಳಿ ನಾಣ್ಯಗಳಿಗೆ, 1066ರ ನಾರ್ಮನ್ ದಾಳಿಯ ಆಸುಪಾಸಿನವು, 2024ರಲ್ಲಿ 43 ಲಕ್ಷ ಪೌಂಡ್ ಸಂದಿತು.

ಹಣದಷ್ಟೇ ಮುಖ್ಯವಾದ ಇನ್ನೊಂದು ವ್ಯವಸ್ಥೆ 1997ರಲ್ಲಿ ಶುರುವಾಯಿತು. ಪ್ರತಿ ಪ್ರಾಂತ್ಯದಲ್ಲೂ ಒಬ್ಬ ಸಂಪರ್ಕಾಧಿಕಾರಿ. ಬಿಡಿ ನಾಣ್ಯ, ಹಳೆಯ ಗುಂಡಿ, ಏನೇ ಸಿಕ್ಕರೂ ಅವರ ಬಳಿ ಒಯ್ಯಬಹುದು. ಅವರು ವಸ್ತುವನ್ನು ಕಿತ್ತುಕೊಳ್ಳುವುದಿಲ್ಲ. ತೂಗಿ, ಚಿತ್ರ ತೆಗೆದು, ಎಲ್ಲಿ ಸಿಕ್ಕಿತೆಂದು ನಕ್ಷೆಯಲ್ಲಿ ಗುರುತು ಹಾಕಿ, ಇದು ಇಂಥ ಅರಸನ ಕಾಲದ್ದು ಎಂದು ವಿವರಿಸಿ ವಾಪಸು ಕೊಡುತ್ತಾರೆ. ಹೀಗೆ ದಾಖಲಾದ ವಸ್ತುಗಳು 15 ಲಕ್ಷ ದಾಟಿವೆ. ಹೊಲದವರ ಅನುಮತಿ ಇಲ್ಲದೆ ಡಿಟೆಕ್ಟರ್ ಆಡಿಸುವಂತಿಲ್ಲ, ರಕ್ಷಿತ ಸ್ಮಾರಕಗಳಲ್ಲಂತೂ ವಿಶೇಷ ಪರವಾನಗಿ ಇಲ್ಲದೆ ನಿಷೇಧ. ಉಳುಮೆಯ ಪದರದ ಕೆಳಗೆ ವಸ್ತು ಇದ್ದರೆ ನಿಲ್ಲಿಸಿ ತಜ್ಞರನ್ನು ಕರೆಯಿರಿ ಎನ್ನುವುದು ಅಲ್ಲಿನ ಒಳ್ಳೆಯ ಹವ್ಯಾಸಿಗಳ ಶಿಸ್ತು. ನೇಗಿಲು ಕದಡಿದ ಮಣ್ಣಿನಲ್ಲಿ ನಾಣ್ಯದ ನೆಲೆ ಮೊದಲೇ ಕೆಟ್ಟಿರುತ್ತದೆ, ಅದರ ಕೆಳಗೆ ಮಾತ್ರ ಇನ್ನೂ ಉಳಿದಿರುತ್ತದೆ ಎಂಬುದು ಅದರ ತರ್ಕ. ಈ ಹವ್ಯಾಸವೇ ಬೇಡ ಎನ್ನುವ ಪುರಾತತ್ವಜ್ಞರು ಅಲ್ಲಿ ಈಗಲೂ ಇದ್ದಾರೆ. ಅವರ ಆತಂಕ ಸುಳ್ಳಲ್ಲ. ಆದರೆ ಹೇಳಿಕೊಳ್ಳಲು ಹೆದರದ ವಾತಾವರಣ ಇದ್ದುದರಿಂದಲೇ ಅಷ್ಟು ವಸ್ತುಗಳು ದಾಖಲೆಗೆ ಬಂದವು ಎನ್ನುವುದೂ ನಿಜ.

ನಮ್ಮ ಮಣ್ಣಿನಲ್ಲೂ ಬೆಳ್ಳಿಯಿದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ರಾಶಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ದಿನಾರಿಗಳು ಸಿಕ್ಕವು. ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಪದರ ಪದರವಾಗಿ ಅಗೆಸಿದ್ದರಿಂದ ಆ ನೆಲೆಯ ಕಾಲವನ್ನು ತಿಳಿಯಲು ಸಾಧ್ಯವಾಯಿತು. ಇನ್ನೊಂದು ಕಡೆ 2019ರ ಜುಲೈಯಲ್ಲಿ ಆನೆಗೊಂದಿಯ ನವವೃಂದಾವನ ಗಡ್ಡೆಯಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ಕೆಡವಿದರು. ಊರಾಚೆಯ ಗುಡಿಗಳಲ್ಲಿ ಬುಡ ಅಗೆದ ನಂದಿ, ಪೀಠ ಒಡೆದ ಲಿಂಗ ನೋಡದವರು ನಮ್ಮಲ್ಲಿ ಕಡಿಮೆ. ಹಾಗಾಗಿ ಡಿಟೆಕ್ಟರ್ ಹವ್ಯಾಸ ಇಲ್ಲಿ ಬೆಳೆಯಲಿ ಎಂದು ನಾನು ಖಂಡಿತ ಹೇಳುವುದಿಲ್ಲ. ನಮಗೆ ಬೇಕಾದ್ದು ಆ ಸಂಪರ್ಕಾಧಿಕಾರಿ. ಮನೆಯ ಪಾಯ ತೋಡುವವರಿಗೆ, ಕೆರೆ ಹೂಳೆತ್ತುವವರಿಗೆ, ಟ್ರ್ಯಾಕ್ಟರ್ ಹೊಡೆಯುವವರಿಗೆ ಭಯವಿಲ್ಲದೆ ಹೋಗಿ ತೋರಿಸಬಹುದಾದ ಒಬ್ಬ ವ್ಯಕ್ತಿ ಪ್ರತಿ ಜಿಲ್ಲೆಯಲ್ಲೂ ಇರಬೇಕು.

ಸಿಕ್ಕಿದ್ದನ್ನೆಲ್ಲ ಸರ್ಕಾರ ಸುಮ್ಮನೆ ಕಸಿದುಕೊಳ್ಳುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಆದರೆ ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆಯಲ್ಲೇ, ವಾರಸುದಾರರಿಲ್ಲದ ನಿಧಿಯಲ್ಲಿ ಸಿಕ್ಕವರಿಗೆ ಮುಕ್ಕಾಲು, ನೆಲದವರಿಗೆ ಕಾಲು ಪಾಲು ಎಂದಿತ್ತು. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಬೆಲೆಯ ಮೇಲೆ ಐದನೆಯ ಒಂದು ಪಾಲು ಹೆಚ್ಚು ಕೊಡಬೇಕಿತ್ತು. ಮುಚ್ಚಿಟ್ಟರೆ ಮಾತ್ರ ಜೈಲು. ಕರ್ನಾಟಕಕ್ಕೆ 1962ರಿಂದ ತನ್ನದೇ ನಿಧಿ ಕಾಯ್ದೆಯಿದೆ. ಇದನ್ನು ಗ್ರಾಮಸಭೆಗಳಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ಆಗಬೇಕು. ಆಗದಿದ್ದರೆ ಪಾಯದಲ್ಲಿ ಸಿಕ್ಕ ಗಡಿಗೆ ನೇರ ಅಕ್ಕಸಾಲಿಗನ ಮೂಸೆಗೆ ಹೋಗುತ್ತದೆ, ತೂಕದ ಲೆಕ್ಕದಲ್ಲಿ.

ನಿಮ್ಮ ಹೊಲದಲ್ಲೋ ಹಿತ್ತಲಲ್ಲೋ ಹಳೆಯ ನಾಣ್ಯ ಸಿಕ್ಕರೆ ಮತ್ತೆ ಅಗೆಯಬೇಡಿ. ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಬೇಡಿ. ಕಪ್ಪು ಹಿಡಿದಿರಲಿ, ತಾಮ್ರದ ಬೆರಕೆಯಿಂದ ಹಸಿರುಗಟ್ಟಿರಲಿ, ಹಾಗೆಯೇ ಬಿಡಿ. ಉಜ್ಜಿದರೆ ಅಕ್ಷರವೇ ಹೋಗುತ್ತದೆ. ಗಡಿಗೆ ಇದ್ದರೆ ಅದರ ಚೂರುಗಳನ್ನೂ ಬಿಸಾಡಬೇಡಿ. ಜಾಗದ ಒಂದು ಚಿತ್ರ ತೆಗೆದುಕೊಳ್ಳಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದಿಡಿ, ಮಣ್ಣು ಮುಚ್ಚಿ. ಆಮೇಲೆ ತಡಮಾಡದೆ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಮತ್ತು ರಾಜ್ಯದ ಪುರಾತತ್ವ ಇಲಾಖೆಗೆ ಲಿಖಿತವಾಗಿ ತಿಳಿಸಿ, ಅದರ ಒಂದು ಪ್ರತಿಗೆ ಮೊಹರು ಹಾಕಿಸಿ ನಿಮ್ಮ ಬಳಿ ಇಟ್ಟುಕೊಳ್ಳಿ.